ತಾಯಲೂರು ರಸ್ತೆಯ ನೇರಳೆ ಬೆಟ್ಟ

ಚೆನ್ನಾಗಿರುವುದನ್ನು ಇನ್ನಷ್ಟು ಚೆನ್ನಾಗಿ ಮಾಡುವ ಚಪಲ ನನಗೆ ಚಿಕ್ಕಂದಿನಿಂದಲೂ ಇದೆ. ಹದವಾಗಿ ಕುದಿಯುತ್ತಿರುವ ಸಾರಿಗೆ ಇನ್ನೊಂದು ಚಿಟಿಕೆ ಉಪ್ಪು ಹಾಕಿ ಕೆಡಿಸಿದ್ದೇನೆ. ಸರಿಯಾಗಿ ಓಡುತ್ತಿದ್ದ ಗೋಡೆ ಗಡಿಯಾರವನ್ನು ಧೂಳು ಒರೆಸಲೆಂದು ಬಿಚ್ಚಿದೆ; ಅಲ್ಲಿಗೆ ಅದರ ಓಟ ಮುಗಿಯಿತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳಿಗೆ, ಉತ್ತರ ಬಂದ ಮೇಲೆ ಪೆನ್ನು ಕೆಳಗಿಡಬೇಕೆಂಬುದಾದರೂ ಗೊತ್ತಿರಬೇಕಿತ್ತು. ಗೊತ್ತಿದ್ದಿದ್ದರೆ ನಮ್ಮ ಯಜಮಾನರ ಕಂಪ್ಯೂಟರ್ ಬಸ್ಸಿನ ತಂಟೆಗೆ ನಾನು ಹೋಗುತ್ತಿರಲಿಲ್ಲ.

ನಮ್ಮ ಯಜಮಾನರು ನಾರಾಯಣಸ್ವಾಮಿ. ಮುಳಬಾಗಿಲಿನಿಂದ ತಾಯಲೂರಿನ ಕಡೆಗೆ ಖಾಸಗಿ ಬಸ್ಸು ಓಡಿಸುತ್ತಿದ್ದವರು. ಹೋದ ವರ್ಷ ಬೆಳಗಿನ ಕಾಫಿ ಲೋಟ ಎಡಗೈಯಿಂದ ಜಾರಿ ಬಿತ್ತು. ಲಕ್ವ ಎಂದರು. ಬೇಗ ಆಸ್ಪತ್ರೆಗೆ ಹೋಗಿದ್ದರಿಂದ ಮಾತು ಉಳಿಯಿತು, ನಡಿಗೆ ಬಂತು, ಎಡಗೈ ಮಾತ್ರ ಹಿಂದೆ ಬಿತ್ತು. ವ್ಯಾಯಾಮ ಮಾಡಿಸಲು ಬರುತ್ತಿದ್ದಾಕೆ ಹಿಚುಕಲು ರಬ್ಬರ್ ಚೆಂಡು ಕೊಟ್ಟರೆ ಇವರು ಅದನ್ನು ದಿಂಬಿನ ಕೆಳಗೆ ಬಚ್ಚಿಡುತ್ತಿದ್ದರು. ಕೊನೆಗೆ ಆಕೆಯೇ, “ಡ್ರೈವರ್ ಅಲ್ವಾ? ಸ್ಟೇರಿಂಗ್ ಕೊಡಿ ಮೇಡಂ, ಹಿಡೀತಾರೆ,” ಎಂದಳು. ಹಾಗೆ ನಮ್ಮ ಮನೆಗೆ ಬಸ್ಸು ಓಡಿಸುವ ಆಟ ಬಂತು. ಮೇಜಿಗೆ ಕಚ್ಚಿಕೊಳ್ಳುವ ಒಂದು ಸ್ಟೇರಿಂಗೂ ಬಂತು. ಇವರು ಬೆಳಿಗ್ಗೆ ತಿಂಡಿ ತಿಂದು, ಶರ್ಟು ಹಾಕಿಕೊಂಡು, ಡ್ಯೂಟಿಗೆ ಕೂರಲು ಶುರುಮಾಡಿದರು.

ಒಂದೇ ಕೊರತೆಯೆಂದರೆ ಆ ಆಟದಲ್ಲಿರುವ ಊರು ಯಾವ ದೇಶದ್ದೋ ಏನೋ. ರಸ್ತೆಯಲ್ಲಿ ಒಂದು ದನವಿಲ್ಲ, ಹತ್ತಿಸಿಕೊಳ್ಳಿ ಎಂದು ಕೂಗುವವರಿಲ್ಲ. “ಓಡ್ಸೋಕೇನೋ ಚೆನ್ನಾಗದೆ. ಆದ್ರೆ ಆಸ್ಪತ್ರೆ ವರಾಂಡದಲ್ಲಿ ಓಡ್ಸಿದಂಗೆ ಕಣೇ ಸರೋಜ,” ಎಂದರು ಒಮ್ಮೆ. ಅಷ್ಟು ಸಾಕಾಯಿತು ನನಗೆ. ಆಟ ಆಡುವವರೇ ಮಾಡಿ ಹಂಚುವ ಸೇರ್ಪಡೆಗಳಿರುತ್ತವೆ, ಮಾಡ್ ಎನ್ನುತ್ತಾರೆ. ಮೂಲ ಆಟದ ಮೇಲೆ ಇವನ್ನು ಹಾಕಿದರೆ ಬೇರೆ ಊರು, ಬೇರೆ ಬಸ್ಸು, ಬೇರೆ ಮಳೆ. ಹುಡುಕಿ ಹುಡುಕಿ ಕೆಂಪು ಮಣ್ಣಿನ ರಸ್ತೆ, ಗುಂಡು ಕಲ್ಲಿನ ಬೆಟ್ಟ, ಹುಣಸೆಮರ, ಮುಂಗಾರು ಮಳೆ, ಕನ್ನಡ ಬೋರ್ಡಿನ ಬಸ್ಸು ಎಂದು ಒಟ್ಟು ಹನ್ನೊಂದು ಮಾಡ್‌ಗಳನ್ನು ಒಂದೇ ಮಧ್ಯಾಹ್ನ ತುಂಬಿದೆ. ಬೋರ್ಡಿನ ಮೇಲೆ ‘ಮುಳಬಾಗಿಲು–ತಾಯಲೂರು’ ಎಂದು ಬರೆಸಿದೆ. ನೋಡಿದ ಕೂಡಲೇ ಇವರು ಸ್ಟೇರಿಂಗ್ ಹಿಡಿದರು. ಹಾರ್ನ್ ಎರಡು ಸಲ ಹೊಡೆದರು.

ಒಂದು ವಾರ ಕಳೆಯಿತು. ನಾನು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಒಳಗಿಂದ ಬಸ್ಸಿನ ಸದ್ದು ನಿಂತಿತು. ಹೋಗಿ ನೋಡಿದರೆ ಇವರು ಎರಡೂ ಕಣ್ಣು ಮುಚ್ಚಿ ಕೂತಿದ್ದಾರೆ.

“ಏನಾಯ್ತು ರೀ?”

“ಏಮೋ ಅಯಿಂದೇ ನಾಕು,” ಎಂದರು.

ನಮ್ಮ ಯಜಮಾನರು ಹುಟ್ಟಿದ್ದು ಆಂಧ್ರದ ಗಡಿಗೆ ಅಂಟಿದ ಹಳ್ಳಿಯಲ್ಲಿ. ಸಿಟ್ಟಿಗೆ ಕನ್ನಡ, ಭಯಕ್ಕೆ ತೆಲುಗು. ನನಗೇನೋ ಆಗಿದೆ ಎಂದು ಅವರು ತೆಲುಗಿನಲ್ಲಿ ಹೇಳಿದ್ದು ಇದಕ್ಕೆ ಮುಂಚೆ ಒಂದೇ ಸಲ, ಆ ಕಾಫಿ ಲೋಟ ಬಿದ್ದ ದಿನ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತೆ.

ಕೇಳುತ್ತಾ ಹೋದಂತೆ ಒಂದೊಂದೇ ಹೊರಬಿತ್ತು. ಎಡಗಡೆ ರಸ್ತೆ ನಡುಗುತ್ತದಂತೆ, ಬಿಸಿ ಬಾಣಲೆಯ ಎಣ್ಣೆಯ ಹಾಗೆ. ಬೆಟ್ಟ ಇದ್ದಕ್ಕಿದ್ದಂತೆ ನೇರಳೆ ಬಣ್ಣಕ್ಕೆ ತಿರುಗುತ್ತದಂತೆ. ಮೂರು ದಿನದಿಂದ ಹೀಗೇ ಆಗುತ್ತಿದೆಯಂತೆ!

“ಮೂರು ದಿನದಿಂದ ಯಾಕ್ರೀ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಬಸ್ ನಿಲ್ಲಿಸ್ಬಿಡ್ತೀಯ ಅಂತ.”

ಪರದೆ ನೋಡಿದೆ. ಆಟದ ಮಳೆಯೂ ಬಸ್ಸೂ ನಿಂತಿದ್ದವು. ರಸ್ತೆ ರಸ್ತೆಯ ಹಾಗೆ, ಬೆಟ್ಟ ಬೆಟ್ಟದ ಹಾಗೆ ಇತ್ತು. ಅವರಿಗೆ ಕಂಡದ್ದು ನನಗೆ ಕಾಣಲಿಲ್ಲ. ಅದೂ ಎಡಗಡೆ. ಕಣ್ಣಿನಲ್ಲಿ ಏನಾದರೂ ವ್ಯತ್ಯಾಸವಾದರೆ ತಡಮಾಡದೆ ಬನ್ನಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಒಲೆ ಆರಿಸಿ, ಆಟೋದವನಿಗೆ ಫೋನು ಮಾಡಿ, ಕೋಲಾರಕ್ಕೆ ಹೊರಟೆವು. ಆ ದಾರಿಯುದ್ದಕ್ಕೂ ನಾನು ಮಾಡಿದ ಕೆಲಸ ಒಂದೇ. ಅಂಗಡಿಯ ಬೋರ್ಡು ಬಂದಾಗಲೆಲ್ಲ, “ಅದೇನು ಬರ್ದಿದೆ ಓದಿ?” ಎನ್ನುತ್ತಿದ್ದೆ. ಅವರು ಓದುತ್ತಿದ್ದರು. ಓದಿದರೆ ಸಮಾಧಾನ, ಒಂದು ಕ್ಷಣ ತಡವಾದರೆ ಇನ್ನೊಂದು ಬೋರ್ಡು ತೋರಿಸುವುದು. ಕೊನೆಗೆ ಅವರೇ, “ಲೇ, ನನ್ನೇನು ಒಂದನೇ ಕ್ಲಾಸಿಗೆ ಸೇರಿಸ್ತಿದ್ದೀಯಾ?” ಎಂದು ಕನ್ನಡದಲ್ಲಿ ರೇಗಿದರು. ಆ ಕನ್ನಡ ಕೇಳಿ ನನಗೆ ಕೊಂಚ ಜೀವ ಬಂತು.

ಕಣ್ಣು ನೋಡಿದರು, ತಲೆಯ ಸ್ಕ್ಯಾನ್ ಮಾಡಿದರು, ಕೈ ಎತ್ತಿಸಿದರು, ನಗಿಸಿದರು. ಎಲ್ಲ ಮುಂಚಿನ ಹಾಗೆಯೇ ಇದೆ ಎಂದರು ಡಾಕ್ಟರು.

“ಈ ನೇರಳೆ ಬಣ್ಣ ಮನೆಯಲ್ಲಿ, ಬೀದಿಯಲ್ಲಿ ಕಾಣುತ್ತಾ?”

“ಇಲ್ಲ ಸಾರ್. ಬಸ್ ಓಡ್ಸುವಾಗ ಮಾತ್ರ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಬಸ್ ಓಡಿಸ್ತಿದ್ದೀರಾ? ಜನ ತುಂಬ್ಕೊಂಡು?”

“ಜನ ಇರ್ತಾರೆ ಸಾರ್, ಆದ್ರೆ ಇಳಿಯಲ್ಲ,” ಎಂದರು ಇವರು ಬೇಜಾರಿನಿಂದ.

ನಾನು ನಡುವೆ ಬಾಯಿ ಹಾಕಿ ಕಂಪ್ಯೂಟರಿನ ವಿಷಯ ಬಿಡಿಸಿ ಹೇಳಬೇಕಾಯಿತು. ಡಾಕ್ಟರು ನಕ್ಕು, “ಹಾಗಾದ್ರೆ ಆ ಕಂಪ್ಯೂಟರನ್ನೂ ಒಂದ್ಸಲ ಯಾರಿಗಾದ್ರೂ ತೋರಿಸಿ,” ಎಂದರು. ನನಗೆ ನಗು ಬರಲಿಲ್ಲ. ಪಾಪದವರನ್ನು ಸಮಾಧಾನ ಮಾಡಲು ಹಾಗೆ ಹೇಳುತ್ತಾರೆ ಎಂದೇ ನನ್ನ ಅನುಮಾನ.

ಮಾರನೆಯ ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ನಾನೇ ಅವರ ಕುರ್ಚಿಯಲ್ಲಿ ಕೂತೆ. ಬಸ್ಸನ್ನು ಹೇಗೋ ಹೊರಡಿಸಿದೆ. ಕೆರೆಯ ಏರಿಯ ತಿರುವಿನಲ್ಲಿ ಮಳೆ ಶುರುವಾಯಿತು. ಎಡಗಡೆಯ ರಸ್ತೆ ಪಟಪಟನೆ ನಡುಗಿತು. ಬೆಟ್ಟ ಅಪ್ಪಟ ನೇರಳೆಯಾಯಿತು. ಜೀವಮಾನದಲ್ಲಿ ನಾನು ಅಷ್ಟು ಸುಂದರವಾದ ಬೆಟ್ಟ ನೋಡಿಲ್ಲ. “ರೀ! ನನಗೂ ಕಾಣ್ತಿದೆ ರೀ!” ಎಂದು ಬಚ್ಚಲುಮನೆಯ ಬಾಗಿಲು ಬಡಿದೆ.

ಒಳಗಿಂದ ಗಾಬರಿಯ ದನಿ ಬಂತು: “ಅಯ್ಯೋ, ನಿನಗೂ ಬಂತೇನೇ?”

ಸಂತೋಷ ಅರ್ಧ ಗಂಟೆ ಇತ್ತು. ಆಮೇಲೆ ತಪ್ಪು ನನ್ನದೇ ಎಂಬುದು ಹೊಳೆಯಿತು. ಒಬ್ಬ ಮನುಷ್ಯ ಮೂರು ದಿನ ತನಗೆ ಮತ್ತೆ ಲಕ್ವ ಹೊಡೆಯುತ್ತಿದೆ ಎಂದುಕೊಂಡು ಬಾಯಿ ಮುಚ್ಚಿ ಕೂತಿದ್ದು ನನ್ನ ಹನ್ನೊಂದು ಉಡುಗೊರೆಗಳ ದೆಸೆಯಿಂದ.

ಕಂಪ್ಯೂಟರ್ ರಿಪೇರಿ ಅಂಗಡಿಯ ಶಾಹಿನಾ ನನ್ನ ಹಳೆಯ ವಿದ್ಯಾರ್ಥಿನಿ. ಅವಳಿಗೆ ಫೋನು ಮಾಡಿ, ಇವರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಎಲ್ಲ ಕೇಳಿದ ಅವಳು, “ಮಿಸ್, ನಿಮ್ ಡ್ರೈವರ್ ಹಳೇದಾಗಿರ್ಬೇಕು. ತೆಗ್ದುಬಿಟ್ಟು ಹೊಸದು ಹಾಕ್ಕೊಳ್ಳಿ,” ಎಂದಳು. ಇವರು ನನ್ನ ಮುಖ ನೋಡಿದರು. ಅದು ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ತಂತ್ರಾಂಶದ ಹೆಸರು ಎಂದು ಬಿಡಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಹೊಸದು ಹಾಕಿದರೂ ಬೆಟ್ಟ ನೇರಳೆಯಾಗಿಯೇ ಉಳಿಯಿತು.

ಮುಂದಿನ ಉಪಾಯ ನನ್ನ ಕಸುಬಿನದೇ. ತರಗತಿಯಲ್ಲಿ ಯಾರೋ ಶಿಳ್ಳೆ ಹೊಡೆದರೆ ಅರ್ಧ ಜನರನ್ನು ಹೊರಗೆ ನಿಲ್ಲಿಸಿದರಾಯಿತು, ಶಿಳ್ಳೆ ಯಾವ ಕಡೆಯಿದೆ ಎಂದು ಗೊತ್ತಾಗುತ್ತದೆ. ಐದು ಮಾಡ್ ಇಟ್ಟು ಆರು ತೆಗೆದೆ. ಬೆಟ್ಟ ಚೆನ್ನಾಗಿತ್ತು. ಆ ಆರನ್ನು ಹಾಕಿ ಐದನ್ನು ತೆಗೆದೆ. ಆಗಲೂ ಚೆನ್ನಾಗಿತ್ತು. ನನ್ನ ಗಣಿತ ಕೈಕೊಟ್ಟಿತು. ತಪ್ಪು ಎರಡೂ ಕಡೆ ಇಲ್ಲದಿದ್ದರೆ ಇನ್ನೆಲ್ಲಿದೆ? ನಾನು ನಿಜವಾಗಿ ನೋಡಿದೆನೇ, ಅಥವಾ ನೋಡಬೇಕೆಂದು ಆಸೆಪಟ್ಟು ಕಂಡೆನೇ? ಮತ್ತೆ ಶಾಹಿನಾಗೆ ಫೋನು ಮಾಡಿದೆ.

“ಮಿಸ್, ಒಂದೊಂದೇ ಇದ್ರೆ ಒಳ್ಳೇವೇ ಇರ್ತವೆ,” ಎಂದಳು ಶಾಹಿನಾ. “ಎರಡು ಸೇರಿದ್ರೆ ಕಿರಿಕಿರಿ. ಜೋಡಿ ಜೋಡಿ ಮಾಡಿ ನೋಡಿ.”

ಮೂರು ಬೆಳಿಗ್ಗೆ ಹಿಡಿಯಿತು. ನಾನು ಮಾಡ್ ಹಾಕಿ ತೆಗೆಯುವುದು, ಇವರು ಕೆರೆ ಏರಿಯವರೆಗೆ ಓಡಿಸಿ ‘ಸರಿ’ ಅಥವಾ ‘ನೇರಳೆ’ ಎನ್ನುವುದು. ಕೊನೆಗೆ ಸಿಕ್ಕಿಬಿದ್ದವು: ಕೆಂಪು ರಸ್ತೆ ಮತ್ತು ಮುಂಗಾರು ಮಳೆ. ಮಳೆಯ ಮಾಡ್ ತನ್ನದೇ ಒಂದು ಒದ್ದೆ ನೆಲವನ್ನು ನಮ್ಮ ಕೆಂಪು ನೆಲ ಇದ್ದ ಎತ್ತರಕ್ಕೇ ಹಾಸುತ್ತಿತ್ತು. ಯಾವುದನ್ನು ತೋರಿಸುವುದೆಂದು ತಿಳಿಯದೆ ಪರದೆ ನಡುಗುತ್ತಿತ್ತು. ಮಳೆ ಬಂದರೆ ಬೆಟ್ಟಕ್ಕೆ ಒದ್ದೆ ಮೈಯ ಚಿತ್ರ ಬೇಕು. ಈ ಎರಡರ ಜಗಳದಲ್ಲಿ ಅದು ಸಿಗದೆ, ಚಿತ್ರವಿಲ್ಲದ ಜಾಗಕ್ಕೆ ಆಟ ನೇರಳೆ ಬಳಿಯುತ್ತಿತ್ತು.

“ಮಳೆ ತೆಗಿ,” ಎಂದರು ಇವರು. “ನಮ್ ಕಡೆ ಅಷ್ಟೊಂದು ಮಳೆ ಎಲ್ ಬರ್ತದೆ?”

ತೆಗೆದೆ. ರಸ್ತೆ ಒಣಗಿತು, ಬೆಟ್ಟ ತಣ್ಣಗೆ ಕೂತಿತು. ಇವರು ಎದ್ದು, “ನೀನೂ ಒಂದ್ ಟ್ರಿಪ್ ಹೊಡಿ,” ಎಂದು ಕುರ್ಚಿ ಬಿಟ್ಟುಕೊಟ್ಟು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡರು. ಮೊದಲನೆಯ ಹುಣಸೆಮರಕ್ಕೇ ಇವರ ಮುಖದ ಬಣ್ಣ ಬದಲಾಯಿತು. “ಬ್ರೇಕು! ಬ್ರೇಕು! ಎಡಕ್ಕೆ ಕಣೇ! ಆಪು, ಆಪು!” ಎಂದು, ನಿಲ್ಲಿಸು ಎನ್ನಲು ತೆಲುಗಿಗೇ ಇಳಿದರು. ನಾನೋ ಹಾಯಾಗಿದ್ದೆ. ಒಂದು ವರ್ಷದಿಂದ ನಾನು ಅನುಭವಿಸಿದ ಭಯವೆಲ್ಲ ಓಡಿಸುವವರದಲ್ಲ, ಪಕ್ಕದ ಸೀಟಿನದೆಂದು ಆಗ ಅರ್ಥವಾಯಿತು. ಈಗ ಅದರಲ್ಲಿ ಅವರು ಕೂತಿದ್ದರು.

“ಸುಮ್ನಿರಿ,” ಎಂದೆ, ಹಾರ್ನ್ ಒತ್ತುತ್ತಾ. “ಚಾಲಕರೊಡನೆ ಮಾತನಾಡಬಾರದು.”