ಗುಲಾಬಿ ಚುಕ್ಕೆಯ ನುಸಿಗಳು

ವಡೋದರಾದ ಹೊರಗಿನ ಆ ಗೋದಾಮಿನಲ್ಲಿ ಅಂದು ನಾನು ಎಲ್ಲಿ ನಿಂತಿದ್ದೆ ಎಂಬುದನ್ನು ನೆನಪು ಎರಡು ಬಗೆಯಲ್ಲಿ ಹೇಳುತ್ತದೆ: ಒಮ್ಮೆ ಗೋಧಿ ಮೂಟೆಗಳ ಪಕ್ಕದಲ್ಲೇ, ಇನ್ನೊಮ್ಮೆ ದೂರದ ಬೇವಿನ ಮರದ ಕೆಳಗೆ, ಸೋಡಾ ಗಾಡಿಯ ಬಳಿ. ದಿನಚರಿಯಲ್ಲಿರುವುದು ಇಷ್ಟೇ: “ಹುಳು ಎಲ್ಲ ಸತ್ತಿವೆ. ಸಹಿ ಹಾಕಿದೆ. ನಿಂಬೆ ಸೋಡಾ ಚೆನ್ನಾಗಿತ್ತು.” ಸೋಡಾ ಕುಡಿದಿದ್ದರೆ ಬೇವಿನ ಮರವೇ ನಿಜ.

ಧಾರವಾಡದಲ್ಲಿ ಕೀಟಶಾಸ್ತ್ರ ಓದಿ, ಪಡಿತರದ ದಾಸ್ತಾನು ಪರೀಕ್ಷಿಸುವ ಕೆಲಸಕ್ಕೆ ಬಂದವಳು ನಾನು. ಮೂಟೆಗಳ ಅಟ್ಟಿಗೆ ದಪ್ಪ ಹಾಳೆ ಹೊದಿಸಿ, ಒಳಗೆ ವಿಷದ ಗುಳಿಗೆಗಳನ್ನಿಟ್ಟು ಏಳು ದಿನ ಮುಚ್ಚುತ್ತಾರೆ. ಜೊತೆಗೆ ಜಾಲರಿ ಮುಚ್ಚಳದ ಸೀಸೆಯಲ್ಲಿ ಇಪ್ಪತ್ತು ಜೀವಂತ ನುಸಿಗಳನ್ನೂ ಇಡುತ್ತೇವೆ. ಎಂಟನೇ ದಿನ ಅವು ಸತ್ತಿದ್ದರೆ ಗೋಧಿ ಕ್ಷೇಮ. ಹಾಳೆ ಬಿಚ್ಚಿ ಸೀಸೆ ತರುವವರು ಗುತ್ತಿಗೆದಾರನ ಆಳುಗಳು. ವಿಷಗಾಳಿಗೆ ಹೆದರಿ ನಾವು ದೂರ ನಿಲ್ಲುತ್ತೇವೆ. ಓದಿದವರಿಗೆ ಆ ಹೆದರಿಕೆ ಇನ್ನೂ ಹೆಚ್ಚು. ವರದಿಯಲ್ಲಿ ಮಾತ್ರ ‘ಸೀಸೆ ನಾನೇ ತೆಗೆದೆ’ ಎಂದು ಬರೆಯುತ್ತೇವೆ.

ಎರಡು ತಿಂಗಳಲ್ಲಿ ಆ ಗೋಧಿ ಹುಡಿಯಾಗಿ ಸೋರಿತು. ನನ್ನ ವರದಿಯಂತೆ ಹುಳುಗಳು ಸತ್ತಿದ್ದವು. ಹಾಗಾದರೆ ತಪ್ಪು ಗೋದಾಮಿನ ಉಸ್ತುವಾರಿಯವರದು, ಶುಚಿ ಕಾಯಲಿಲ್ಲ ಎಂದಾಯಿತು. ನಾವೆಲ್ಲ ಕಾಕಾ ಎನ್ನುತ್ತಿದ್ದ ಆ ಮನುಷ್ಯ, ಬಿದ್ದ ಕಾಳನ್ನು ದಿನಾ ಬೆಳಿಗ್ಗೆ ಕೈಯಾರೆ ಹೆಕ್ಕುತ್ತಿದ್ದವರು. ಅವರನ್ನು ಸೂರತ್ತಿನ ಕಚೇರಿಗೆ ಕಡತ ಜೋಡಿಸಲು ಕಳಿಸಿದರು.

ಹೊರಡುವಾಗ ಕೇಳಿದರು, “ಬೇಟಾ, ಸೀಸೆ ನೀನೇ ತೆಗೆದೆಯಲ್ಲಾ?”

“ಹೌದು, ಕಾಕಾ.”

ಮೂರು ವರ್ಷದ ನಂತರ ಅಹಮದಾಬಾದಿನ ಗೋದಾಮಿಗೆ ಅದೇ ಗುತ್ತಿಗೆದಾರ ಬಂದ. ಹೊಸ ಕಂಪನಿ, ಹಳೆಯ ನಗು.

“ಅರೇ ಮೇಡಂ! ಇನ್ನೂ ಹುಳ ಎಣಿಸ್ತಾನೇ ಇದ್ದೀರಾ? ಶಾದಿ-ವಾದಿ ಏನೂ ಇಲ್ವಾ?”

ನಾನೂ ನಕ್ಕೆ. ಅಂದು ಸಂಜೆ ಬಾಡಿಗೆ ಮನೆಯ ಫ್ರಿಜ್ಜಿನಲ್ಲಿ, ಮೊಸರಿನ ಪಕ್ಕ, ಇಪ್ಪತ್ತು ನುಸಿಗಳನ್ನಿಟ್ಟೆ. ಚಳಿಗೆ ಮಂಕಾದ ಮೇಲೆ ಒಂದೊಂದರ ಬೆನ್ನಿಗೂ ಸೂಜಿಯ ಮೊನೆಯಿಂದ ಗುಲಾಬಿ ಉಗುರುಬಣ್ಣದ ಚುಕ್ಕೆ ಇಟ್ಟೆ. ಅಷ್ಟು ಖುಷಿಯಿಂದ ನಾನು ಯಾವ ಹಬ್ಬಕ್ಕೂ ರಂಗೋಲಿ ಹಾಕಿಲ್ಲ.

ಹಾಳೆಯೊಳಗಿನ ವಿಷಗಾಳಿ ಅಳೆಯುವ ಉಪಕರಣ ನನ್ನ ಬೀರುವಿನಲ್ಲೇ ಇತ್ತು. ಎರಡನೇ ದಿನ ಅಳೆದಿದ್ದರೆ ಗುಳಿಗೆ ನಕಲಿಯೆಂದು ಗೊತ್ತಾಗುತ್ತಿತ್ತು, ಗೋಧಿಗೆ ಮತ್ತೆ ಔಷಧ ಹಾಕಿಸಬಹುದಿತ್ತು. ಆದರೆ ಆಗ ಗುತ್ತಿಗೆದಾರ ‘ಗುಳಿಗೆ ಕೊಟ್ಟವನು ನನಗೇ ಮೋಸ ಮಾಡಿದ’ ಎಂದು ಜಾರಿಕೊಳ್ಳುತ್ತಿದ್ದ. ಬೀರು ತೆರೆಯಲಿಲ್ಲ.

ಎಂಟನೇ ದಿನ ಮೇಲಿನ ಕಚೇರಿಯ ಇಬ್ಬರನ್ನು ಕರೆಸಿದ್ದೆ. ಮುಖಕವಚ ಹಾಕಿದ ಆಳು ಸೀಸೆ ತಂದ.

“ಲೋ ಜೀ, ಬೀಸ್ ಕೇ ಬೀಸ್ ಖತಮ್! ಇಪ್ಪತ್ತೂ ಸತ್ತಿವೆ,” ಎಂದ ಗುತ್ತಿಗೆದಾರ.

ಬಿಳಿ ಕಾಗದದ ಮೇಲೆ ಸುರಿದೆ. ಎಲ್ಲವೂ ಬರೀ ಕಂದು.

“ನನ್ನವು ಎಲ್ಲಿ?”

“ನಿಮ್ಮವೇ ಮೇಡಂ! ಹುಳಕ್ಕೇನು ಆಧಾರ್ ಕಾರ್ಡ್ ಇರುತ್ತಾ?”

“ಇದೆ,” ಎಂದು ಅದೇ ಗುಲಾಬಿ ಬಣ್ಣ ಹಚ್ಚಿದ ನನ್ನ ಉಗುರು ತೋರಿಸಿದೆ. ಆಳಿನ ಚೀಲದಲ್ಲಿ ಇನ್ನೊಂದು ಸೀಸೆ ಸಿಕ್ಕಿತು. ಗುಲಾಬಿ ಚುಕ್ಕೆಗಳು ಗಾಜಿನ ಮೇಲೆ ಹತ್ತಿ ಇಳಿಯುತ್ತಿದ್ದವು.

ಆದರೂ ವಡೋದರಾದ ಮಾತು ಬಂದಾಗ ಗುತ್ತಿಗೆದಾರ ಬಗ್ಗಲಿಲ್ಲ. “ಅಲ್ಲಿ ಸೀಸೆ ತೆಗೆದದ್ದು ಮೇಡಮ್ಮೇ. ಅವರ ವರದಿಯಲ್ಲೇ ಇದೆ, ನೋಡಿ.”

ಅವನನ್ನು ಪೂರ್ತಿ ಮುಳುಗಿಸಲು ನಾನೂ ನೀರಿಗಿಳಿಯಬೇಕಿತ್ತು. ಅಲ್ಲೇ ಕುಳಿತು ಬರೆದುಕೊಟ್ಟೆ: ಸೀಸೆ ನಾನು ತೆಗೆದಿಲ್ಲ, ಹೊರಗೆ ಬೇವಿನ ಮರದ ಕೆಳಗಿದ್ದೆ, ವರದಿ ಸುಳ್ಳು.

ಸೂರತ್ತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಿಮ್ಮ ಮೇಲಿನ ಕಳಂಕ ತೊಳೆಯಿತು ಎಂದೆ. “ಪಕ್ಕದ ಅಟ್ಟಿ?” ಎಂದರು ಕಾಕಾ.

“ಅದಕ್ಕೂ ಹುಳು ಹಬ್ಬಿದೆ.”

“ಸಾತ್ ದಿನ ಗೊತ್ತಿದ್ದೂ ಕಾದೆಯಾ, ಬೇಟಾ?”

“ಕಾದೆ.”

ಅವರೇ ಫೋನ್ ಇಟ್ಟರು. ಆ ದಿನದ ಪುಟದಲ್ಲಿ ಪಶ್ಚಾತ್ತಾಪ ಹುಡುಕಿದರೆ ಇಲ್ಲ. ಗುತ್ತಿಗೆದಾರನ ಮುಖ ಬಿಳಿಚಿಕೊಂಡ ಬಗೆಯನ್ನೇ ಪುಟ ತುಂಬ ಬರೆದಿದ್ದೇನೆ. ಆ ನೆನಪನ್ನು ಮಾತ್ರ ನಾನು ಅನುಮಾನಿಸುವುದಿಲ್ಲ.