ನಡುಗುವ ಕೈಗೆ ಯಾವ ದಾರ

ನಮ್ಮ ಯಜಮಾನರ ಬಲಗೈ ನಡುಗಲು ಶುರುವಾದ ಮೇಲೆ ಮನೆಗೆ ಮೀನು ಬರುವುದು ನಿಂತುಹೋಯಿತು. ಮೊದಮೊದಲು ಅವರು ಶಿಂಷಾ ಹೊಳೆಯನ್ನು ಬೈದರು. "ಮರಳು ತೆಗ್ದು ತೆಗ್ದು ಹೊಳೇನೇ ಹಾಳು ಮಾಡವ್ರೆ ಕಣೆ, ಮೀನೆಲ್ಲಿಂದ ಬಂದಾತು?" ಆಮೇಲೆ ಎರೆಹುಳುವನ್ನು ಬೈದರು. ಆಮೇಲೆ ನಾನು ಕಲಸಿಕೊಟ್ಟ ರಾಗಿಹಿಟ್ಟಿನ ಉಂಡೆಯನ್ನು. ಕೈಯನ್ನು ಮಾತ್ರ ನಾವಿಬ್ಬರೂ ಬೈಯಲಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಹೋಗೋ ಕಾಯಿಲೆ ಅಲ್ಲಮ್ಮ ಇದು, ಜಾಸ್ತಿಯಾಗದ ಹಾಗೆ ನೋಡ್ಕೋಬೇಕು" ಎಂದಿದ್ದರು. ನೋಡಿಕೊಳ್ಳುವ ಕೆಲಸ ನನ್ನದು. ಎಪ್ಪತ್ತು ದಾಟಿದ ಮೇಲೆ ಇನ್ನೊಂದು ಡ್ಯೂಟಿ.

ಆನೆಸ್ಟ್‌ಲಿ ಹೇಳುತ್ತೇನೆ, ಮೀನು ನಿಂತಾಗ ನನಗೆ ಸ್ವಲ್ಪ ಹಾಯೆನಿಸಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಟೇಬಲ್ ಮ್ಯಾನರ್ಸ್ ಕಲಿತು, ಮದ್ದೂರಿನ ಈ ಮನೆಗೆ ಸೊಸೆಯಾಗಿ ಬಂದವಳು ನಾನು. ಬಂದಂದಿನಿಂದ ಹಿತ್ತಲ ಕಲ್ಲಿನ ಮೇಲೆ ಬೂದಿ ಹಚ್ಚಿ ಮೀನು ಉಜ್ಜಿದ್ದೇ ಉಜ್ಜಿದ್ದು. ಎಷ್ಟು ಸೋಪು ಹಾಕಿದರೂ ಬೆರಳಿನ ವಾಸನೆ ಹೋಗುತ್ತಿರಲಿಲ್ಲ. ಸೋಮವಾರ ಒಂದು ದಿನ ನಮ್ಮ ಮನೆಯಲ್ಲಿ ಮೀನು ಮಾಂಸ ಮಾಡುವುದಿಲ್ಲ. ಅದೇ ನನ್ನ ಸಂಡೇ.

ಅವರ ಮನೆತನದಲ್ಲಿ ಗಾಳಕ್ಕೆ ಬೆಂಡು ಕಟ್ಟುವುದಿಲ್ಲ. ಬೆಂಡು ನೀರಿನ ಮೇಲೆ ತೇಲುತ್ತಿರುತ್ತದೆ, ಮೀನು ಕಚ್ಚಿದರೆ ಮುಳುಗುತ್ತದೆ, ಯಾರಿಗೆ ಬೇಕಾದರೂ ಗೊತ್ತಾಗುತ್ತದೆ. ಅದೇ ಅವರಿಗೆ ಅವಮಾನ. "ಬೆಂಡು ಕಟ್ಕೊಂಡು ಕೂತ್ಕೊಳಕ್ಕೆ ನಾವೇನು ಸ್ಕೂಲು ಐಕ್ಳಾ?" ಎನ್ನುತ್ತಿದ್ದರು ನಮ್ಮ ಮಾವ. ಗಾಳದ ಕೋಲಿನಿಂದ ಇಳಿದ ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ಕಣ್ಣು ಮುಚ್ಚಿ ಕೂರುವುದು ಅವರ ಪದ್ಧತಿ. ಕಚ್ಚಿದ್ದು ಏಡಿಯೋ ಗೆಂಡೆ ಮೀನೋ ಬೆರಳೇ ಹೇಳಬೇಕು.

ಅದಕ್ಕಾಗಿಯೇ ಅವರಿಗೆ ದಾರದ ಮೇಲೆ ಅಷ್ಟು ಗಮನ. ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ ಸುರುಳಿ ಸುರುಳಿ ಇಟ್ಟಿದ್ದರು. ಬೇಸಿಗೆಯಲ್ಲಿ ಹೊಳೆ ಇಳಿದು ತಳದ ಕಲ್ಲು ಕಾಣುವಾಗ ಕೂದಲೆಳೆಯಂಥ ನೈಲಾನ್ ತಂಗೂಸಿ, ಮೀನಿಗೆ ಕಾಣದಿರಲಿ ಅಂತ. ನಾಲೆಗೆ ನೀರು ಬಿಟ್ಟು ಕೆಂಪಗೆ ಹರಿಯುವಾಗ ದಪ್ಪ ತಂಗೂಸಿ. ಆ ಬಗ್ಗಡದಲ್ಲಿ ಏನೂ ಕಾಣುವುದಿಲ್ಲ, ಸೆಳೆತ ತಡೆದರೆ ಸಾಕು. ಅಂತರಗಂಗೆ ತುಂಬಿದ ಕೆರೆಗೆ ನೇಯ್ದ ದಾರ, ಕಳೆಯನ್ನು ಕೊಯ್ದುಕೊಂಡು ಬರುತ್ತದೆ. ವರ್ಷಗಟ್ಟಲೆ ನಾನು ಇದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ ಹ್ಞೂಂಗುಟ್ಟಿದ್ದೇನೆ. ನಮ್ಮ ಕಾನ್ವೆಂಟಿನ ನೀಡಲ್‌ವರ್ಕ್ ಸಿಸ್ಟರ್ ಕೂಡ ಹೀಗೇ. ಮಸ್ಲಿನ್ನಿಗೆ ಈ ದಾರ, ಕ್ಯಾನ್ವಾಸಿಗೆ ಆ ದಾರ ಎಂದು ಪೀರಿಯಡ್ ಪೂರ್ತಿ ಕೊರೆಯುತ್ತಿದ್ದರು.

ಈ ವರ್ಷ ಮಳೆ ನಿಂತು ಹೊಳೆ ತಿಳಿಯಾದ ಮೇಲೆ ಒಂದು ಬೆಳಿಗ್ಗೆ ಅವರ ಜೊತೆ ನಾನೂ ಹೋದೆ. ಎಲ್ಲಿ ಕಾಲು ಜಾರುತ್ತಾರೋ ಎಂಬ ಭಯ. ಹಳೇ ಸೇತುವೆಯ ಕೆಳಗೆ ಫ್ಲಾಸ್ಕ್ ಹಿಡಿದು ಕೂತೆ. ಅವರು ಕೋಲು ಎತ್ತುತ್ತಾರೆ, ಏನಿಲ್ಲ. ಮತ್ತೆ ಬಿಡುತ್ತಾರೆ, ಮತ್ತೆ ಎತ್ತುತ್ತಾರೆ, ಏನಿಲ್ಲ. ಕಾಫಿ ಕೊಡಲು ಹತ್ತಿರ ಹೋದಾಗ ನನ್ನ ಮುಖ ನೋಡದೆ ಅಂದರು:

"ಎಳೀತಿರೋದು ಮೀನೋ ನನ್ನ ಕೈಯೋ ಗೊತ್ತಾಗ್ತಿಲ್ಲ ಕಣೆ."

ಅಂದೇ ಆತಗೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿ, "ಭಾನುವಾರ ಬಂದು ಗಾಳ ತಕ್ಕೊಂಡೋಗ್ಲಾ, ನಂಗಿನ್ನು ಬ್ಯಾಡ" ಎಂದರು. ಮರುದಿನದಿಂದ ಶೇವಿಂಗ್ ಬಿಟ್ಟರು. ಪೇಪರ್ ಬಂದರೆ ಮಡಚಿದ್ದು ಮಡಚಿದಂತೆಯೇ. ಜಗಲಿಯ ಕುರ್ಚಿಯಲ್ಲಿ ಎಡಗೈಯಿಂದ ಬಲಗೈ ಒತ್ತಿ ಹಿಡಿದುಕೊಂಡು ಕೂರುತ್ತಿದ್ದರು, ಬೇರೆಯವರ ಮನೆಯ ಹಟಮಾರಿ ಮಗುವನ್ನು ಹಿಡಿದುಕೊಂಡ ಹಾಗೆ. ಗಾಳ ಆತಗೂರಿಗೆ ಹೋದರೆ ಈ ಮನುಷ್ಯ ಆ ಕುರ್ಚಿಯಿಂದ ಏಳುವುದಿಲ್ಲ ಎಂದು ನನಗೆ ಅನ್ನಿಸಿಬಿಟ್ಟಿತು.

ಬೆಂಡು ಕಟ್ಟೋಣ ಎಂದೆ. "ಕಟ್ಕೊಂಡು ನೀನೇ ಕೂತ್ಕೋ" ಎಂದರು. ಸರಿ, ದಾರವನ್ನಾದರೂ ಬದಲಾಯಿಸೋಣ ಎಂದು, ಮಂಡಿನೋವಿಗೆ ಪಟ್ಟಿ ಸುತ್ತಿಕೊಂಡು ಪೇಟೆಗೆ ಹೋದೆ. ಹಗ್ಗ, ಬಲೆ, ಸೊಳ್ಳೆಪರದೆ ಎಲ್ಲ ಒಟ್ಟಿಗೆ ತೂಗುಹಾಕಿರುವ ಅಂಗಡಿ. ತಂಗೂಸಿ ಬೇಕು ಎಂದೆ.

"ಮಣಿ ಪೋಣ್ಸಕ್ಕಾಮ್ಮ?" ಎಂದ ಅಂಗಡಿಯವನು.

"ಮೀನು ಹಿಡಿಯೋಕಪ್ಪ."

ಅವನು ನನ್ನ ಕನ್ನಡಕ, ಊರುಗೋಲು ಎರಡನ್ನೂ ನೋಡಿದ. "ಯಾರು, ನೀವಾ?"

"ನಾನೇ. ಸ್ವಲ್ಪ ಕಚ್ಚಿದರೂ ಬೆರಳಿಗೆ ಗೊತ್ತಾಗೋ ಅಂಥದ್ದು ಕೊಡು."

"ಹಂಗಾದ್ರೆ ತಂಗೂಸಿ ಬುಡಿ, ಅದು ರಬ್ಬರ್ ಇದ್ದಂಗೆ ಎಳ್ಕತದೆ. ನೇಯ್ದಿರದು ತಕ್ಕೊಳಿ. ಸೊಳ್ಳೆ ಕೂತ್ರೂ ಗೊತ್ತಾಗ್ತದೆ ಕಣಮ್ಮೋ."

ಪರ್ಫೆಕ್ಟ್ ಎಂದುಕೊಂಡು ಹಸಿರು ಬಣ್ಣದ ನೇಯ್ದ ದಾರ ತಂದೆ. ಕಾಡಿ ಬೇಡಿ ಅವರನ್ನು ಹೊಳೆಗೆ ಎಬ್ಬಿಸಿಕೊಂಡು ಹೋದೆ. ಮೊದಲಿಗಿಂತ ಕಷ್ಟವಾಯಿತು. ಚೂರೂ ಹಿಗ್ಗದ ಆ ದಾರ ಅವರ ನಡುಕವನ್ನೆಲ್ಲ ತಳದ ಸೀಸದ ಗುಂಡಿನವರೆಗೆ ಒಯ್ದು, ಅಲ್ಲಿಂದ ವಾಪಸು ಬೆರಳಿಗೇ ತಂದು ಕೊಡುತ್ತಿತ್ತು. ಸೊಳ್ಳೆ ಕೂತರೆ ಗೊತ್ತಾಗುವ ದಾರಕ್ಕೆ ಅವರ ಕೈ ಗೊತ್ತಾಗದೆ ಇರುತ್ತದೆಯೇ? ದಪ್ಪ ತಂಗೂಸಿ ಹಾಕಿ ನೋಡಿದೆವು. ನಡುಕ ಅದು ಹಿಗ್ಗುವುದರಲ್ಲೇ ಕರಗಿತು. ಮೀನಿನ ಸುದ್ದಿಯೂ ಅದರ ಜೊತೆಗೇ ಕರಗಿತು. ಮೇಲೆತ್ತಿದಾಗ ಎರೆಹುಳು ಪೂರಾ ಖಾಲಿ.

"ತಿಂದ್ಕೊಂಡು ಹೋಗವೆ, ನಂಗೆ ಗೊತ್ತೇ ಆಗ್ನಿಲ್ಲ" ಎಂದು ಕೋಲಿಗೆ ದಾರ ಸುತ್ತಿದರು.

ನಾನು ನೀರಿಗೆ, ಕಲ್ಲಿಗೆ, ಕಳೆಗೆ ದಾರ ಹೊಂದಿಸುವುದನ್ನು ಯೋಚಿಸಿದ್ದೆನೇ ಹೊರತು, ಹಿಡಿಯುವ ಕೈ ಹೇಗಿದೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆ ಕೈಗೆ ಹೊಂದುವ ದಾರ ಮದ್ದೂರಿನ ಯಾವ ಅಂಗಡಿಯಲ್ಲೂ ಇರಲಿಲ್ಲ.

ಶನಿವಾರ ಸಂಜೆ ಬಿಸ್ಕತ್ತಿನ ಡಬ್ಬಕ್ಕೆ ಸುರುಳಿಗಳನ್ನು ತುಂಬುತ್ತಿದ್ದಾಗ, ಆ ಹಸಿರು ದಾರ ನನ್ನ ಬೆರಳಿಗೆ ಸುತ್ತಿಕೊಂಡಿತು. ಅದರ ಇನ್ನೊಂದು ತುದಿ ಬೆಕ್ಕಿನ ಕಾಲಡಿ ಇತ್ತು. ಬೆಕ್ಕು ಉಗುರು ಆಡಿಸಿದ್ದು ನನಗೆ ನೋಡದೆಯೇ ಗೊತ್ತಾಯಿತು. ನನ್ನ ಮಂಡಿ ಹೋಗಿದೆ, ಕಣ್ಣು ಅರ್ಧ ಹೋಗಿದೆ. ಬೆರಳು ಇನ್ನೂ ಇದೆ.

ಭಾನುವಾರ ಬೆಳಿಗ್ಗೆ, "ನಿಮ್ಮ ತಮ್ಮ ಬರೋದ್ರೊಳಗೆ ಒಂದೇ ಒಂದು ಸಲ ಹೋಗಿ ಬರೋಣ ರೀ" ಎಂದೆ. ಯಾಕೋ ಒಪ್ಪಿದರು. ಹೊಳೆಯ ದಡದಲ್ಲಿ ಕವೆಗೋಲು ನೆಟ್ಟು ಅದರ ಮೇಲೆ ಗಾಳದ ಕೋಲು ಒರಗಿಸಿದೆ.

"ಇದೇನೇ ಇದು?"

"ದಾರ ನನ್ನ ಬೆರಳ ಮೇಲಿರಲಿ. ನಾನು ಹೇಳಿದಾಗ ನೀವು ಎಳೀರಿ."

ಅವರು ದಾರದ ತುದಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಬೇಡ ಎನ್ನುತ್ತಾರೆಂದೇ ಅಂದುಕೊಂಡೆ. ಆಮೇಲೆ ಗದರಿದರು: "ತಿಳಿನೀರಿಗೆ ಹಸಿರು ದಾರ ಬುಟ್ರೆ ಮೀನು ನೋಡಿ ನಗ್ತದೆ. ತುದೀಗೆ ಎರಡು ಮಾರು ಸಣ್ಣ ತಂಗೂಸಿ ಕಟ್ಟು."

ಗಂಟು ಹಾಕುವುದು ಅವರ ಕೈಯಲ್ಲಿ ಆಗುವುದಿಲ್ಲ, ನಾನೇ ಹಾಕಿದೆ. "ಬಿಗಿಯೋ ಮುಂಚೆ ಎಂಜಲು ಮಾಡು, ಇಲ್ದಿದ್ರೆ ಉಜ್ಜಿ ಸುಟ್ಟೋಗ್ತದೆ." ದಾರ ಬಾಯಿಗಿಟ್ಟರೆ ನಮ್ಮ ಸಿಸ್ಟರ್ ಸ್ಕೇಲಿನಲ್ಲಿ ಹೊಡೆಯುತ್ತಿದ್ದರು. ಇಷ್ಟು ವರ್ಷದ ಮೇಲೆ ಸಾರಿ ಸಿಸ್ಟರ್ ಎಂದುಕೊಂಡು ಬಾಯಿಗಿಟ್ಟೆ.

ಗಾಳ ನೀರಿಗೆ ಬಿಟ್ಟು ಕೂತೆವು. "ಬಂತು!" ಎಂದೆ. ಎಳೆದರು. ಏನಿಲ್ಲ.

"ಅದು ನೀರು ಕಣೆ. ನೀರು ಒಂದೇ ಸಮ ಎಳೀತದೆ."

"ಈಗ ಬಂತು! ಏನೋ ಕೆರೆದ ಹಾಗಿದೆ."

"ಅದು ಏಡಿ, ಕೆರೀತಾ ಅದೆ. ಜಿಲೇಬಿ ಮೀನು ಕೋಳಿಮರಿ ಥರ ಕುಕ್ತದೆ. ಗೆಂಡೆ ಕುಕ್ಕಲ್ಲ, ಮಗು ಸೆರಗು ಎಳೆದಂಗೆ ಮೆತ್ತಗೆ ಎತ್ಕೊಂಡು ಹೋಯ್ತದೆ. ನಿಂಗೆ ಪೇಷನ್ಸೇ ಇಲ್ಲ."

ನನಗೆ ಪೇಷನ್ಸ್ ಇಲ್ಲವಂತೆ! ಸೊಂಟ ನೋಯುತ್ತಿತ್ತು, ಮರಳಿನ ತಂಡಿ ಸೀರೆಯೊಳಗೆ ಏರುತ್ತಿತ್ತು. ಹಿಂದಿನಿಂದ ಬೈಕ್ ನಿಂತ ಸದ್ದಾಯಿತು. ಮೈದುನ ಮನೆಯಲ್ಲಿ ಬೀಗ ನೋಡಿ ಇಲ್ಲಿಗೇ ಬಂದಿದ್ದ.

"ಏನತ್ಗೆ, ಇಂಗ್ಲೀಸ್ ಬುಟ್ಟು ಗಾಳ ಇಡ್ಕಂಡ್ರಾ? ಮೀನ್ಗೂ ಕಮ್ ಹಿಯರ್ ಅಂತ ಕರೀತಿದ್ದೀರಾ?"

"ಸುಮ್ಕಿರ್ಲಾ" ಎಂದರು ಇವರು.

ಅಷ್ಟರಲ್ಲಿ ಬೆರಳ ಮೇಲೆ ದಾರ ಸರಿಯಿತು. ಕುಕ್ಕಲಿಲ್ಲ, ಕೆರೆಯಲಿಲ್ಲ. ಯಾರೋ ಮೆತ್ತಗೆ, ಬಾ ಎಂದ ಹಾಗೆ. ನಾನು ಅವರ ಬಲಗೈ ನೋಡಿದೆ. ಅದು ತೊಡೆಯ ಮೇಲೆ ತನ್ನ ಪಾಡಿಗೆ ನಡುಗುತ್ತಿತ್ತು. ಹಾಗಾದರೆ ಇದು ಅದಲ್ಲ.

"ರೀ, ಸೆರಗು" ಎಂದೆ.

ಎರಡೂ ಕೈ ಹಾಕಿ ಎಳೆದರು. ಎಳೆಯುವ ಕೈಗೆ ನಡುಕ ಅಡ್ಡಬರಲಿಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಗೆಂಡೆ, ಅಷ್ಟೇ. ಮೈದುನ ಬಗ್ಗಿ ನೋಡಿ, "ಇದ್ನ ಬಾಣ್ಲಿಗೆ ಹಾಕಿದ್ರೆ ಹುಡುಕ್ಬೇಕಾಯ್ತದೆ" ಎಂದು ನಕ್ಕ. ಆಮೇಲೆ ಕೈ ಚಾಚಿದ. "ಕೊಡಣ್ಣ ಗಾಳ, ಬಿಸಿಲೇರ್ತು, ಓಯ್ತೀನಿ."

ಇವರು ಕೋಲನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಈಗ ಆಗಕಿಲ್ಲ ಕಣ್ಲಾ. ನಿಮ್ಮತ್ಗೆ ಕಲೀತಾವ್ಳೆ."

ಮೈದುನ ನನ್ನನ್ನು ನೋಡಿದ, ಅಣ್ಣನನ್ನು ನೋಡಿದ, ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿ ಕುಡಿದು ಹೊರಟ.

ಮನೆಗೆ ಬಂದು ಹಿತ್ತಲ ಕಲ್ಲಿನ ಮೇಲೆ ಆ ಪುಟ್ಟ ಗೆಂಡೆಯನ್ನು ಬೂದಿ ಹಚ್ಚಿ ಉಜ್ಜಿದೆ. ತೋರುಬೆರಳಿನ ಮೇಲೆ ದಾರ ಎಳೆದ ಗೆರೆಗೆ ಬೂದಿ ತಗುಲಿ ಚುರುಗುಟ್ಟಿತು. ಒಳಗಿನಿಂದ ಅವರು ಶೇವಿಂಗಿಗೆ ಬಿಸಿನೀರು ಕೇಳಿದರು. ತಂದಿಟ್ಟೆ.

"ನಾಳೆ ಇನ್ನೂ ಸ್ವಲ್ಪ ಬೇಗ ಹೋಗಾನ" ಎಂದರು ನೊರೆಯೊಳಗಿಂದ.

"ನಾಳೆ ಸೋಮವಾರ ರೀ. ಮನೇಲಿ ಮೀನಿಲ್ಲ."

"ಸೋಮವಾರ ತಿನ್ನಲ್ಲ ಅಷ್ಟೆ. ಹಿಡೀಬಾರ್ದು ಅಂತ ಯಾರು ಹೇಳಿದ್ದು?"

ನನ್ನ ಉಳಿದಿದ್ದ ಒಂದು ಸಂಡೇಯೂ ಹೋಯಿತು. ಮಂಡಿಗೆ ಎಣ್ಣೆ ಹಚ್ಚಿಕೊಂಡು, ಅಲಾರಮ್ಮನ್ನು ಇನ್ನೂ ಸ್ವಲ್ಪ ಬೇಗಕ್ಕೆ ತಿರುಗಿಸಿಟ್ಟು ಮಲಗಿದೆ.