ನಿಂತ ಬಸ್ಸಿನಲ್ಲಿ ತೂಗಾಡಿದ ಮಾವ

ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಾಚೆ ದೋಣಿಯಂಥ ಎರಡು ಚಪ್ಪಲಿ, ಹತ್ತನೇ ನಂಬರು. ಕವಲಂದೆಯಿಂದ ಮಾವ ಅತ್ತೆ ಬಂದಿದ್ದಾರೆ ಅಂತ ಬೇರೆ ಹೇಳಬೇಕೇ?

ಮಾವ ನಂಜನಗೂಡು–ನರಸೀಪುರ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಆಗಿದ್ದವರು. ನಾನೋ, ಸ್ವಂತ ದನಿ ಬಿಟ್ಟು ಮಿಕ್ಕೆಲ್ಲರ ದನಿ ಇರುವವನು. ಒಮ್ಮೆ ಮಾವನ ದನಿಯಲ್ಲಿ ನಾನು ಕೂಗಿದ 'ರೈಟ್ ರೈಟ್' ನಂಬಿ ಡ್ರೈವರ್ ಬಸ್ಸು ಬಿಟ್ಟು, ಮಾವ ಟೀ ಲೋಟ ಹಿಡಿದು ಹಿಂದೆ ಓಡಿದ್ದುಂಟು.

ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ಟಿಕೆಟ್ ಹರಿಯುತ್ತಿದ್ದ ಆ ಮನುಷ್ಯ ಆಮೇಲೊಂದು ವರ್ಷ, ನಿಂತ ಬಸ್ಸಿನಲ್ಲೇ ತೂಗಾಡತೊಡಗಿದರು. ಬಲಗಡೆಯಿಂದ ಕೂಗಿದರೆ ಕೇಳದು. ನಾನು ಬಿಡುತ್ತೇನೆಯೇ? ನಾಮಕರಣದ ಮನೆಯೊಂದರಲ್ಲಿ ನಾಲಿಗೆ ದಪ್ಪ ಮಾಡಿಕೊಂಡು ಮಾವನ ಹಾಗೆ ತೂರಾಡಿ ತೋರಿಸಿದೆ. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

"ಎಷ್ಟು ದಿನದಿಂದ ಕುಡೀತಾವ್ರೆ?" ಅಂದರು.

ಮಾವ ಕಾಫಿ ಬಿಟ್ಟು ಬೇರೆ ಮುಟ್ಟಿದವರಲ್ಲ. ಆದರೆ ನನ್ನ ನಟನೆ ಚೆನ್ನಾಗಿತ್ತಲ್ಲ! ಅತ್ತೆ ಮಾತು ಬಿಟ್ಟರು. ಬಸ್ಸಿನ ಮಾಲೀಕರು ಕೆಲಸ ಬಿಡಿಸುವ ಮಾತಾಡಿದರು. ಹೆದರಿ ನಾನೇ ಮಾವನನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರು ಕಿವಿ ಪರೀಕ್ಷಿಸಿದರು, ಗೆರೆಯ ಮೇಲೆ ನಡೆಸಿದರು. ಕುಡಿತವಲ್ಲ, ಕಿವಿಯ ನರದ ಮೇಲೆ ಗೆಡ್ಡೆ ಇರಬಹುದು ಅಂದರು. "ಮೊದಲಿಗೂ ಈಗಿಗೂ ಬೇರೇನಾದರೂ ವ್ಯತ್ಯಾಸ?"

"ಏನೂ ಇಲ್ಲ ಸಾ," ಅಂದರು ಮಾವ.

ನನಗೆ ಬಾಯಿ ತುರಿಸಿತು. ಐದು ವರ್ಷದ ಹಿಂದಿನ ಮಾವನನ್ನು ಮಾಡಿ ತೋರಿಸಿದೆ, ಆಮೇಲೆ ಇವತ್ತಿನ ಮಾವನನ್ನು. ಆಗಲೇ ನನಗೂ ಕೇಳಿಸಿದ್ದು: ದನಿ ಬಾವಿಗೆ ಇಳಿದಿತ್ತು, ದವಡೆ ಮುಂದೆ ಬಂದಿತ್ತು. ನಗುತ್ತಿದ್ದ ಡಾಕ್ಟರು ನಗು ನಿಲ್ಲಿಸಿ ಮಾವನ ಕೈ ಹಿಡಿದು ನೋಡಿದರು.

"ಚಪ್ಪಲಿ ನಂಬರ್?"

"ಎಂಟಿತ್ತು ಸಾ, ಈಗ ಅತ್ತು. ವಯಸ್ಸಾಯ್ತಲ್ಲ."

"ಉಂಗುರ?"

"ಬಿಗಿಯಾಯ್ತು, ಕತ್ತರಿಸ್ಬುಟ್ಟೆ."

ಸ್ಕ್ಯಾನಿನಲ್ಲಿ ಎರಡು ಗೆಡ್ಡೆ ಕಂಡವು, ಎರಡೂ ತಲೆಬುರುಡೆಯ ತಳದಲ್ಲಿ. ಒಂದು ಕಿವಿಯ ನರದ್ದು. ಇನ್ನೊಂದು ಮಿದುಳಿನ ಕೆಳಗಿನ ಪುಟ್ಟ ಗ್ರಂಥಿಯದು. ಕೈಕಾಲು, ದವಡೆ ಬೆಳೆಸುತ್ತಿದ್ದುದು ಅದೇ. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಜೀವಕ್ಕೇ ಅಪಾಯ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಹೀಗೆ ಒಬ್ಬರಲ್ಲೇ ಸಿಗುವುದು ಬಲು ಅಪರೂಪ, ಅಂದರು ಡಾಕ್ಟರು.

ಮಾವ, "ಎರಡೂ ಟಿಕೆಟ್ ಇಲ್ದೆ ಅತ್ಕೊಂಡವಲ್ಲ ಸಾ, ಇಳಿಸ್ಬುಡಿ," ಅಂದರು.

ಮೊದಲು ಮೂಗಿನೊಳಗಿಂದ ಹೋಗಿ ಗ್ರಂಥಿಯ ಗೆಡ್ಡೆ ತೆಗೆದರು. ಕೆಲವು ತಿಂಗಳ ಮೇಲೆ ಕಿವಿಯ ಹಿಂದೆ ಕೊರೆದು ಇನ್ನೊಂದನ್ನು. ಮಾವ ಉಳಿದರು, ಬಲಗಿವಿ ಉಳಿಯಲಿಲ್ಲ. ಊತ ಇಳಿಯಿತು, ಬೆಳೆದ ಮೂಳೆ ಇಳಿಯುವುದಿಲ್ಲವಂತೆ. ಹಳೆಯ ದನಿಯೂ ಮರಳಲಿಲ್ಲ. ಆಸ್ಪತ್ರೆಯಲ್ಲಿ ಮತ್ತೆ ಮಾತು ಶುರುಮಾಡಿದ ಅತ್ತೆ ಇನ್ನೂ ನಿಲ್ಲಿಸಿಲ್ಲ. ಮಾವ ಅವರನ್ನು ಬಲಕ್ಕೇ ಕೂರಿಸಿಕೊಳ್ಳುತ್ತಾರೆ.

ಇವತ್ತು ಕಾಫಿ ಕುಡಿಯುತ್ತ ಅತ್ತೆ, "ನಿಮ್ಮ ಹಳೇ ಮಾವನ್ನ ಒಂದ್ಸಲ ಕೂಗ್ಸೋ," ಅಂದರು. ಆ ದನಿ ಈಗ ಇರುವುದು ನನ್ನ ಗಂಟಲಲ್ಲಿ ಮಾತ್ರ. ಎಲ್ಲರಿಗೂ ಕಾಣುವ ಹಾಗೆ ನಡುಮನೆಯಲ್ಲಿ ನಿಂತವನು, ಮಾವ ಕೇಳುವ ಕಿವಿ ಕೊಡಲು ಕತ್ತು ತಿರುಗಿಸಿದ್ದು ನೋಡಿ ಅವರ ಎಡಕ್ಕೆ ಹೋಗಿ ಕುಕ್ಕರಿಸಿದೆ.

"ನರಸೀಪುರ, ನರಸೀಪುರ, ನರಸೀಪ್ರಾ!"

ಮಾವ ಕಣ್ಣು ಮುಚ್ಚಿ ಕೇಳಿದರು. "ಯಾರ್ಲಾ ಅವ್ನು? ಚೆನ್ನಾಗಿ ಕೂಗ್ತಾವ್ನೆ," ಅಂದರು.